ಸರದಾರನ ಕೌದಿ

ಬನಹಟ್ಟಿಯ ನೇಕಾರ ಯಮನಪ್ಪನ ನಾಯಿ ಸರದಾರ ತೀರಿಕೊಂಡದ್ದು ಓಣಿಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಗೊತ್ತಾಗಬಾರದೆಂದೇ ಯಮನಪ್ಪ ಹೆಣಗಿದ್ದ. ಹಿಂದಿನ ಓಣಿಯಲ್ಲಿ ಕಳ್ಳರು ಮಗ್ಗದ ಮೋಟರುಗಳನ್ನೇ ಬಿಚ್ಚಿಕೊಂಡು ಹೋಗಿದ್ದರು. ಈ ಓಣಿಗೆ ಮಾತ್ರ ಕಾಲಿಟ್ಟಿರಲಿಲ್ಲ. ಮುಧೋಳ ತಳಿಯ ಸರದಾರ ಬಾಗಿಲಲ್ಲಿದ್ದ. ಅವನಿಲ್ಲವೆಂದು ಕಳ್ಳರಿಗೆ ತಿಳಿದರೆ ಯಮನಪ್ಪನ ಎರಡೂ ಮಗ್ಗ ನಿಂತ ಹಾಗೆಯೇ.

ಅದಕ್ಕೇ ಅವನು ಅಂಗಳದಲ್ಲಿ ಖಾಲಿ ಸರಪಳಿ ಅಲುಗಾಡಿಸುತ್ತ, "ಲೇ ಸರದಾರ, ಸುಮ್ಮನಿರು! ಹಾದ್ಯಾಗ ಹೋಗೋರನ್ನ ಕಡಿಬ್ಯಾಡ!" ಎಂದು ಕೂಗಿದ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಶಿವವ್ವ, "ಹೊಟ್ಟಿಮಗನಂಗ ಇದ್ದ್ಯಲ್ಲೋ, ಬಿಟ್ಟು ಹೋದ್ಯಲ್ಲೋ!" ಎಂದು ಎದೆ ಬಡಿದುಕೊಂಡಳು. ಆ ಅಳು ಸಕ್ಕರೆ ಕಾರ್ಖಾನೆಯ ಸೈರನ್ನಿನಂತೆ ಓಣಿಯ ತುದಿ ಮುಟ್ಟಿತು.

ಮಧ್ಯಾಹ್ನದೊಳಗೆ ಎದುರುಮನೆ ರಾಚಪ್ಪ ಓಣಿಯ ಬಾಯಿಗೆ ಫ್ಲೆಕ್ಸ್ ಕಟ್ಟಿಸಿದ. ಹಾರ ಹಾಕಿಕೊಂಡ ಸರದಾರ, ಕೆಳಗೆ, "ಓಣಿಯ ಏಕೈಕ ಕಾವಲುಗಾರನಿಗೆ ಶ್ರದ್ಧಾಂಜಲಿ. ಇಂದು ಸಂಜೆ ಮಣ್ಣು. ಎಲ್ಲ ಮನೆಯವರೂ ಬರತಕ್ಕದ್ದು."

"ರಾಚಪ್ಪಾ, ಇದನ್ನ ಕಳ್ಳರೂ ಓದ್ತಾರೋ!"

"ಓದ್ಲಿ ಬಿಡಪಾ. ಸರದಾರ ಎಂಥಾವ ಇದ್ದ ಅಂತ ಅವರಿಗೂ ಗೊತ್ತಾಗ್ಲಿ."

"ಹಂಗಾದ್ರ ನಾ ಮಣ್ಣಿಗೆ ಬರಂಗಿಲ್ಲ. ಮಗ್ಗ ಕಾಯ್ಕೋಂತ ಕುಂದ್ರತೀನಿ."

ಓಣಿಯ ಹಿರಿಯಳು ಗುರುಬಸವ್ವ ಕೋಲು ಕುಟ್ಟಿದಳು. "ನಿನ್ನ ಮನಿ ಕಾಯ್ದ ಜೀವಲೇ ಅದು! ಅದರ ಮಣ್ಣಿಗೆ ಬರದವ ನಾಳೆ ನನ್ನ ಮಣ್ಣಿಗೆ ಬರ್ತಿಯೇನು?"

"ಆತು, ಬರ್ತೀನಿ. ಆದ್ರ ಕಳ್ಳರ ಕೈಗೆ ಒಂದು ನಟ್ಟೂ ಸಿಗಂಗಿಲ್ಲ, ನೋಡ್ಕೋಂತ ಇರ್ರಿ!"

ಯಮನಪ್ಪ ಕದ ಹಾಕಿಕೊಂಡು, ಪಾನಾ ಹಿಡಿದು, ಎರಡೂ ಮೋಟರು ಬಿಚ್ಚಿದ. ಮಣ್ಣಿಗೆ ಜೊತೆಗೇ ಒಯ್ಯಲೆಂದು ಸರದಾರ ಮಲಗುತ್ತಿದ್ದ ಕೌದಿಯಲ್ಲಿ ಸುತ್ತಿ ಕಟ್ಟಿದ. ಬೀಗ ಮುರಿದು ಬೋಳು ಮಗ್ಗ ಕಾಣುವ ಕಳ್ಳನ ಮುಖ ನೆನೆದು ಒಬ್ಬನೇ ನಕ್ಕ.

ಹೊರಗೆ ಒಂದು ಟಂಟಂ ಆಟೊ ಬಂದು ನಿಂತಿತ್ತು. ಅದರ ಡ್ರೈವರ್ ಓಣಿಯವರಿಗಿಂತ ಜೋರಾಗಿ ಅಳುತ್ತಿದ್ದ. "ಬಾಡಿಗಿ ಬ್ಯಾಡ್ರಿ, ಪುಣ್ಯದ ಕೆಲಸ," ಎನ್ನುತ್ತ ಸರದಾರನನ್ನು ಗಾಡಿಯಲ್ಲಿ ಮಲಗಿಸಿ, ಕೌದಿ ಎತ್ತಲು ಕೈಹಚ್ಚಿದವನು ಬಗ್ಗಿದಲ್ಲೇ ನಿಂತ.

"ಯಪ್ಪಾ! ಕೌದಿ ಭಾಳ ವಜ್ಜಿ ಐತಲ್ರಿ?"

"ಹಳೇ ಕಾಲದ್ದು," ಯಮನಪ್ಪ ತಡವರಿಸಿದ. "ಅರಿವಿ ಒತ್ತಿ ತುಂಬೇವಿ."

"ಹೌದ್ರಿ, ಹೌದ್ರಿ," ಎಂದು ಡ್ರೈವರ್ ಕಣ್ಣೊರೆಸಿಕೊಂಡ. ಅವನ ಅಳು ಅಲ್ಲಿಗೇ ನಿಂತಿತು.

ಹಳ್ಳದ ದಂಡೆಯಲ್ಲಿ ಸರದಾರನನ್ನು ಕುಣಿಗೆ ಇಳಿಸಿದರು. "ಕೌದಿನೂ ಹಾಕೋಣು," ಎಂದು ರಾಚಪ್ಪ ಟಂಟಂ ಕಡೆ ತಿರುಗಿದ.

"ಕೌದಿ ಮುಟ್ಟಿದ್ರ ನೋಡು!" ಯಮನಪ್ಪ ಸಿಡಿದ. "ಅದು ಅಲ್ಲೇ ಇರ್ಲಿ. ಅವನ ನೆನಪಿಗೆ ಮನಿಗೆ ಒಯ್ತೀನಿ."

ಎಂಥ ಪ್ರೀತಿ ಎಂದು ಹೆಂಗಸರೆಲ್ಲ ಮತ್ತೊಮ್ಮೆ ಅತ್ತರು.

ಗುರುಬಸವ್ವ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ಪ್ರಾರ್ಥನೆಗೆ ತೊಡಗಿದಳು. ಬನಶಂಕರಿಯಿಂದ ಹಿಡಿದು ಊರೂರಿನ ದೇವರನ್ನು ಕರೆದಳು. ನಡುವೆ ಟಂಟಂ ಗುರುಗುಟ್ಟಿದ್ದು ಕೇಳಿ ಯಮನಪ್ಪ ರೆಪ್ಪೆ ಎತ್ತಹೋದ.

"ಯಮನ್ಯಾ! ಕಣ್ಣು ತಗದ್ರ ಆ ಜೀವಕ್ಕ ಶಾಂತಿ ಸಿಗಂಗಿಲ್ಲ!"

ಸರದಾರನಿಗೋಸ್ಕರ ಅವನು ಇನ್ನೂ ಬಿಗಿಯಾಗಿ ಮುಚ್ಚಿದ. ತೆರೆದಾಗ ಹಾದಿಯ ಮೇಲೆ ಧೂಳಷ್ಟೇ ಇತ್ತು.

"ರಾಚಪ್ಪಾ, ನೀ ಕರೆಸಿದ ಟಂಟಂ ಎಲ್ಲೈತಿ?"

"ನಾ ಯಾಕ ಕರೆಸ್ಲಿ? ನೀ ಕರೆಸೀ ಅಂದ್ಕೊಂಡಿದ್ದೆ."

"ಯಾರೂ ಕರೆಸಿಲ್ಲ," ಎಂದಳು ಗುರುಬಸವ್ವ. "ಫ್ಲೆಕ್ಸ್ ಓದಿ ಬಂದೇನಿ ಅಂದಿದ್ದ, ಪಾಪ."

ಯಮನಪ್ಪ ಕುಣಿಯ ಪಕ್ಕ ಕುಸಿದ. ರಾಚಪ್ಪ ಬೆನ್ನು ಸವರಿದ. "ಹೋಗ್ಲಿ ಬಿಡಪಾ. ಹಳೇ ಕೌದಿ. ನಮ್ಮ ಮನ್ಯಾಗಿಂದ ಒಂದು ಕೊಡ್ತೀನಿ."

ಒಳಗೆ ಮೋಟರು ಇದ್ದವೆಂದು ಯಮನಪ್ಪ ಹೇಳುವಂತಿರಲಿಲ್ಲ. ಹೇಳಿದ್ದರೆ ನಾಳೆ ಅದಕ್ಕೂ ಒಂದು ಫ್ಲೆಕ್ಸ್ ಏಳುತ್ತಿತ್ತು. ಆಮೇಲೆ ಮಣ್ಣು ಕೊಡವಿಕೊಂಡು ಎದ್ದು, ಎದೆ ಸೆಟೆಸಿ, ಕೈ ಮುಗಿದ.

"ಕಣ್ಣು ಮುಚ್ಚಲೇ," ಎಂದಳು ಗುರುಬಸವ್ವ.

"ಮುಚ್ಚಂಗಿಲ್ಲ, ಆಯಿ. ಸರದಾರ ಎಂದಾದ್ರೂ ಕಣ್ಣು ಮುಚ್ಚಿ ಕಾಯ್ದಿದ್ದನೇನು?"

ಎರಡೂ ಕಣ್ಣು ಅಗಲ ತೆರೆದು, ಹಾದಿಯನ್ನೇ ದಿಟ್ಟಿಸುತ್ತ, ಅವನು ಗಟ್ಟಿಯಾಗಿ ಬೇಡಿದ: "ತಾಯಿ ಬನಶಂಕರಿ, ನನ್ನ ಸರದಾರನ ಜೀವಕ್ಕ ಶಾಂತಿ ಕೊಡವ್ವಾ. ಇಷ್ಟು ದಿನ ನಮ್ಮ ಸಲುವಾಗಿ ಎಚ್ಚರಿದ್ದ. ಇನ್ನಾದ್ರೂ ನಿನ್ನ ಪಾದದಾಗ ನಿಶ್ಚಿಂತಿಂದ ನಿದ್ದಿ ಮಾಡ್ಲಿ."