ನಿಟ್ಟುಸಿರು ಉಣ್ಣುವ ಬೇವು

“ಬಾವ, ಇದು ಬರೀ ಡಬ್ಬ ಅಲ್ಲ! ಆಸ್ಪತ್ರೆ ಒಳಗೇ ಮರದ ತೋಪು ತರೋ ಯಂತ್ರ!”

ಆಪರೇಷನ್ ಕೋಣೆಯ ಎದುರು ರೋಗಿಗಳ ಕಡೆಯವರು ಕಾಯುವ ಹಾಲ್‌ನಲ್ಲಿ ನಿಂತು ಜಂಪಣ್ಣ ಎದೆಯುಬ್ಬಿಸಿದ. ಹಳೇ ಮಿಕ್ಸಿಯ ಮೋಟಾರು, ಅದಕ್ಕೊಂದು ತಗಡಿನ ಕೊಳವೆ, ಮೇಲೊಂದು ಕುಂಡ, ಕುಂಡದಲ್ಲಿ ಬೆರಳುದ್ದದ ಬೇವಿನ ಸಸಿ. ಕಾಯುವವರು ಬಿಡುವ ನಿಟ್ಟುಸಿರನ್ನು ಎಳೆದುಕೊಂಡು ಸಸಿ ಬೆಳೆಯುತ್ತದಂತೆ. ಹಸಿರು ಕಂಡು ಅವರ ಮನಸ್ಸು ತಣ್ಣಗಾಗುತ್ತದಂತೆ. ದೊಡ್ಡ ಡಾಕ್ಟರೂ ಒಪ್ಪಿಬಿಟ್ಟಿದ್ದರು!

ಬಾವ ಪಾಲಯ್ಯನ ಬಾಯಿಗೆ ಊರೇ ಹೆದರುತ್ತಿತ್ತು. ಅಂಥವನು ಬೈಗುಳವನ್ನು ನಾಲಿಗೆಯ ತುದಿಗೆ ತಂದು ನುಂಗಿಕೊಂಡ. ಒಳಗೆ ಅವನ ಹೆಂಡತಿ ಓಬಕ್ಕನಿಗೆ ಎದೆಯ ಆಪರೇಷನ್ ನಡೆಯುತ್ತಿತ್ತು. ಒಳಹೋಗುವಾಗ ಅವಳು ಕೈ ಹಿಡಿದು ಹೇಳಿದ್ದು ಒಂದೇ ಮಾತು: “ನಾನು ಹೊರಗೆ ಬರೋಗಂಟ ನನ್ ತಮ್ಮನ್ನ ಬೈಬ್ಯಾಡ.”

ಯಂತ್ರ ಗುರ್ರೆಂದಿತು. ಆಸ್ಪತ್ರೆಯಲ್ಲಿ ನಿಟ್ಟುಸಿರಿಗೇನು ಬರ! ನೋಡನೋಡುತ್ತಿದ್ದಂತೆ ಸಸಿ ಮರವಾಯಿತು. ಕೊಂಬೆ ಫ್ಯಾನನ್ನು ತಬ್ಬಿತು. ಬೇರು ಬೆಂಚುಗಳನ್ನು ಕುಳಿತವರ ಸಮೇತ ಎತ್ತಿ ಗೋಡೆಗೆ ಒರಗಿಸಿತು. ಕಿಟಕಿಯಿಂದ ಗಿಳಿಗಳು ನುಗ್ಗಿದವು!

“ಆಫ್ ಮಾಡಪ್ಪಾ… ನಮ್ಮಪ್ಪ!” ಪಾಲಯ್ಯ ಹಲ್ಲು ಕಚ್ಚಿಕೊಂಡು ಹೇಳಿದ.

“ಸ್ವಿಚ್ಚು ಬೇರೊಳಗೆ ಹೋಗೈತೆ ಬಾವ! ಯಾರೂ ಉಸಿರು ಬಿಡಬ್ಯಾಡ್ರಿ!”

ಎಲ್ಲರೂ ಮೂಗು ಹಿಡಿದು ಕುಳಿತರು. ಎಷ್ಟು ಹೊತ್ತು ಹಿಡಿದಾರು? ಒಟ್ಟಿಗೇ ಬಿಟ್ಟಾಗ ಮರ ಚಾವಣಿ ಒಡೆದು ಮೇಲೆ ಹೋಯಿತು.

ವಾಚ್‌ಮನ್ ಗರಗಸ ತಂದ. ಅಷ್ಟರಲ್ಲಿ ಹೆಂಗಸರು ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಳಗಿದ್ದ ತಮ್ಮವರ ಹೆಸರು ಹೇಳಿ ಹರಕೆ ಹೊತ್ತಾಗಿತ್ತು.

“ನನ್ ಮಗ ಒಳಗೈದಾನೆ. ಪೂಜೆ ಆದ ಮರಕ್ಕೆ ಗರಗಸ ಹಾಕ್ತೀಯೇನೋ?” ಎಂದು ಒಬ್ಬ ಅಜ್ಜಿ ಎಗರಿದಳು. ವಾಚ್‌ಮನ್ ಗರಗಸ ಕೆಳಗಿಟ್ಟು ಕೈಮುಗಿದ. ಪಾಲಯ್ಯನೂ ಚಪ್ಪಲಿ ಬಿಟ್ಟು ಓಬಕ್ಕನ ಹೆಸರು ಹೇಳಿದ.

ಬಾಗಿಲು ತೆರೆಯಿತು. ಡಾಕ್ಟರು ಕೊಂಬೆಯಡಿ ಬಗ್ಗಿ ಪಾಲಯ್ಯನ ಬಳಿ ಬಂದರು. ಟೋಪಿಗೆ ಸಿಕ್ಕಿದ ಎಲೆಯನ್ನೂ ತೆಗೆಯಲಿಲ್ಲ.

“ಉಳಿಸ್ಕೊಳ್ಳೋಕೆ ಆಗಲಿಲ್ಲ ಯಜಮಾನ್ರೆ.”

ಬಾಗಿಲು ತೆರೆದಾಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಪಾಲಯ್ಯ ಬಿಟ್ಟ. ಒಂದೇ ಉಸಿರು. ಕಾಲವಲ್ಲದ ಕಾಲದಲ್ಲಿ ಮರ ಮೈತುಂಬ ಹೂ ಬಿಟ್ಟಿತು. ಬಾವ, ಬಾಮೈದ ಇಬ್ಬರ ತಲೆಯ ಮೇಲೂ ಬಿಳಿಯ ಹೂ ಉದುರಿತು.

ಈಗ ಆ ಹಾಲ್‌ ತುಂಬ ಮರವೇ. ಕಾಯುವವರು ಹೊರಗೆ ಬಿಸಿಲಲ್ಲಿ ಕೂರುತ್ತಾರೆ. ಜಂಪಣ್ಣ ಆಗಾಗ ಬಾವನ ಮನೆಗೆ ಬಂದು ಅಳುತ್ತಾನೆ.

“ಒಂದ್ಸಲ ಬೈದ್ಬಿಡು ಬಾವ, ನಿನ್ ಕಾಲಿಗೆ ಬೀಳ್ತೀನಿ!”

“ಹೆಂಗೆ ಬೈಯ್ಲೋ? ನಿಮ್ಮಕ್ಕ ಇನ್ನೂ ಹೊರಗೆ ಬಂದಿಲ್ಲ.”