ಆರನೇ ನೊಣದ ರೆಕ್ಕೆ

ಅತ್ತೆ ಬಂದಾಗಲೆಲ್ಲ ಮನೆ ಸ್ವಚ್ಛವಾಗುತ್ತಿತ್ತು. ಈ ಸಲವೂ ಆಯಿತು. ಶನಿವಾರ ಬೆಳಗ್ಗೆ ಗುಮಾಸ್ತ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಿಟಕಿಯ ಪಕ್ಕದ ಅವನ ಮೇಜು ಫಳಫಳ ಹೊಳೆಯುತ್ತಿತ್ತು. ಕತ್ತರಿ, ಚಿಮುಟ, ಮೇಣ ಹಚ್ಚಿದ ದಾರದ ಉಂಡೆ, ಕೊಕ್ಕೆ ಕಚ್ಚಿ ಹಿಡಿಯುವ ಪುಟ್ಟ ಇಕ್ಕಳ, ಎಲ್ಲವೂ ಸಾಲಾಗಿ ಕೂತಿದ್ದವು. ಇಲ್ಲದ್ದು ಒಂದೇ, ಕರುವಿನ ಬಾಲದ ತುದಿ.

"ಅತ್ತೆ, ಇಲ್ಲಿ ಬೆಳ್ಳಗೆ ಒಂದು ಬಾಲದ ತುಂಡು ಇತ್ತಲ್ಲ?"

"ಅಯ್ಯೋ, ಅದಾ? ಬೆಕ್ಕು ಏನೋ ತಂದು ಹಾಕಿದೆ ಅಂತ ಕಸದ ಗಾಡಿಗೆ ಹಾಕ್ಬಿಟ್ಟೆ ಅಳಿಯಂದ್ರೇ. ನೀವೇನೂ ಯೋಚ್ನೆ ಮಾಡ್ಬೇಡಿ, ಸೋಪು ಹಾಕಿ ಕೈ ತೊಳ್ಕೊಂಡಿದೀನಿ."

ಗುಮಾಸ್ತನಿಗೆ ಇದ್ದದ್ದು ಅತ್ತೆಯ ಕೈಯ ಯೋಚನೆಯಲ್ಲ. ಉಟ್ಟ ಟವಲಿನಲ್ಲೇ ಮೆಟ್ಟಿಲಿಳಿದು ಬೀದಿಗೆ ಓಡಿದ. ಕಸದ ಗಾಡಿ ತಿರುವು ದಾಟಿ ಹೋಗಿತ್ತು. ಟವಲು ಮಾತ್ರ ತಿರುವಿನವರೆಗೂ ಬರಲು ಒಪ್ಪಲಿಲ್ಲ. ಎದುರು ಮನೆಯವರು ಕಿಟಕಿ ಮುಚ್ಚಿದರು, ಅವನು ಸೊಂಟ ಹಿಡಿದುಕೊಂಡು ವಾಪಸು ಬಂದ.

ಒಂದು ಬಾಲದ ತುಂಡಿಗೆ ಇಷ್ಟು ರಂಪವೇಕೆ ಎಂದು ಹೆಂಡತಿ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷಗಳಿಂದ ಗಂಡನಿಗಿದ್ದ ಚಟ ಒಂದೇ, ಟ್ರೌಟ್ ಮೀನಿನ ಗಾಳಕ್ಕೆ ಸುಳ್ಳು ನೊಣ ಕಟ್ಟುವುದು. ಉಗುರಿಗಿಂತ ಚಿಕ್ಕ ಕೊಕ್ಕೆಗೆ ದಾರ ಸುತ್ತಬೇಕು, ಹುಂಜದ ಕುತ್ತಿಗೆಯ ಗರಿ ಸುತ್ತಬೇಕು, ಮೇಲೆ ಕರುವಿನ ಬಾಲದ ಬಿಳಿ ಕೂದಲಿನ ಎರಡು ರೆಕ್ಕೆಗಳನ್ನು ನೆಟ್ಟಗೆ ನಿಲ್ಲಿಸಬೇಕು. ನೊಣ ನೀರಿನ ಮೇಲೆ ತೇಲಬೇಕು, ದಡದಲ್ಲಿ ನಿಂತವನಿಗೆ ಆ ಬಿಳುಪು ಕಾಣಬೇಕು. ಮುಳುಗಿದರೆ ಅಷ್ಟೂ ಕೆಲಸ ನೀರುಪಾಲು. ಹೀಗೆ ಅವನು ನೂರಾರು ನೊಣ ಕಟ್ಟಿದ್ದ. ಅವೆಲ್ಲ ತೇಲಿದ್ದು ಬಚ್ಚಲುಮನೆಯ ಬಕೆಟ್ಟಿನಲ್ಲಿ.

ಏಕೆಂದರೆ ಟ್ರೌಟ್ ಇರುವ ಹೊಳೆ ನಾಲ್ಕು ಗಂಟೆ ದಾರಿಯ ಬೆಟ್ಟದ ಮೇಲಿತ್ತು. ಅಲ್ಲಿ ಗಾಳ ಹಾಕಲು ಕ್ಲಬ್ಬಿನ ಸದಸ್ಯರಿಗೂ ಅವರು ಕರೆತಂದ ಅತಿಥಿಗಳಿಗೂ ಮಾತ್ರ ಅಪ್ಪಣೆ. ಗುಮಾಸ್ತನಿಗೆ ಗೊತ್ತಿದ್ದ ಒಬ್ಬರೇ ಸದಸ್ಯರೆಂದರೆ ಅವನ ಕಚೇರಿಯ ಸಾಹೇಬರು. ಹನ್ನೊಂದು ವರ್ಷ ಅವರು ಇವನನ್ನು ಕರೆಯಲಿಲ್ಲ. ಮೊನ್ನೆ ಗುರುವಾರ ಅವರ ಗೆಳೆಯನೊಬ್ಬನ ಬೆನ್ನು ಹಿಡಿದುಕೊಂಡಿತು, ಜೀಪಿನಲ್ಲಿ ಒಂದು ಸೀಟು ಖಾಲಿಯಾಯಿತು.

"ಆರು ನೊಣ. ಎಲ್ಲಾ ಒಂದೇ ಅಳತೆ, ಬಿಳಿ ರೆಕ್ಕೆ. ಶನಿವಾರ ಐದು ಗಂಟೆ ಒಳಗೆ ನನ್ನ ಮೇಜಿನ ಮೇಲಿದ್ರೆ ಭಾನುವಾರ ನಾಲ್ಕನೇ ಸೀಟು ನಿಮ್ದು" ಎಂದಿದ್ದರು ಸಾಹೇಬರು.

ಐದು ನೊಣ ತಯಾರಾಗಿದ್ದವು. ಆರನೆಯದು ಇಕ್ಕಳದಲ್ಲಿ ಬೋಳಾಗಿ ಕೂತಿತ್ತು, ಅದನ್ನು ಕಟ್ಟುವವನ ತಲೆಯ ಹಾಗೆ. ಗುಮಾಸ್ತನ ತಲೆಯಲ್ಲಿ ಕಿವಿಯಿಂದ ಕಿವಿಗೆ ಒಂದೇ ಒಂದು ಕೂದಲೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕಿತ್ತು, ಮುಂದಿನ ತಾಪತ್ರಯವೆಲ್ಲ ಅದರಿಂದಲೇ ಬಂದದ್ದು.

ಕಚೇರಿಗೆ ಹೋಗುವ ದಾರಿಯಲ್ಲಿ ಅವನು ಕ್ಷೌರದಂಗಡಿಗೆ ನುಗ್ಗಿದ.

"ನಂಗೆ ಒಂದಿಷ್ಟು ಕೂದಲು ಬೇಕು. ಬೆಳ್ಳಗಿರ್ಬೇಕು, ಗಡುಸಾಗಿರ್ಬೇಕು, ಒಂದು ಇಂಚು ಉದ್ದ."

ಕ್ಷೌರಿಕ ಕತ್ತರಿ ನಿಲ್ಲಿಸಿ ಅವನ ತಲೆಯನ್ನೇ ನೋಡಿದ. "ಹಾಕಿಸ್ಕೊಳ್ಳೋದೇ ಆದ್ರೆ ಕಪ್ಪು ಹಾಕಿಸ್ಕೊಳ್ಳಿ ಸಾರ್. ದುಡ್ಡು ಕೊಟ್ಟು ಯಾರಾದ್ರೂ ಮುದುಕರಾಗ್ತಾರಾ?"

"ನನಗಲ್ಲ ಮಾರಾಯ. ನೊಣಕ್ಕೆ ರೆಕ್ಕೆ ಮಾಡ್ಬೇಕು."

"ಆಯ್ತು ಬಿಡಿ ಸಾರ್" ಎಂದ ಕ್ಷೌರಿಕ, ದನಿ ತಗ್ಗಿಸಿ. "ನಾಚ್ಕೋಬೇಡಿ. ನಮ್ಮಣ್ಣನೂ ಮೊದಮೊದಲು ಹೀಗೇ ಏನೇನೋ ಹೇಳ್ತಿದ್ದ."

ನೆಲದಿಂದ ಗುಡಿಸಿ ಪೊಟ್ಟಣ ಕಟ್ಟಿಕೊಟ್ಟ. ಅದರಲ್ಲಿದ್ದದ್ದು ಅರ್ಧ ಇಂಚಿನ ಮೆತ್ತನೆಯ ಚೂರುಗಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡು ಕೂತಿದ್ದವನು ಅವನದೇ ಕಚೇರಿಯ ಕ್ಯಾಷಿಯರ್, ಮತ್ತು ಕ್ಯಾಷಿಯರ್ ಹತ್ತಿರ ಸ್ಕೂಟರಿತ್ತು.

ಗುಮಾಸ್ತ ಬಸ್ಸಿಳಿದು ಕಚೇರಿ ಸೇರುವ ಹೊತ್ತಿಗೆ ಸುದ್ದಿ ಮೊದಲೇ ಬಂದು ಹಾಜರಿ ಹಾಕಿತ್ತು. ಟೈಪಿಸ್ಟ್ ಅಕ್ಕ ಒಂದು ಚೀಟಿಯಲ್ಲಿ ಕೂದಲು ಬೆಳೆಸುವ ಎಣ್ಣೆಯ ಹೆಸರು ಬರೆದು ಅವನ ಫೈಲಿನೊಳಗಿಟ್ಟಳು.

"ಮೂರು ತಿಂಗಳು ತಲೆ ಕೆಳಗೆ ಮಾಡಿ ಮಲಗ್ಬೇಕು ಅಷ್ಟೇ. ನಮ್ಮ ಭಾವಂಗೆ ಚಿಗುರಿದೆ."

"ಅಕ್ಕಾ, ನಂಗೆ ಬೇಕಿರೋದು ಐದು ಗಂಟೆ ಒಳಗೆ!"

"ಅಷ್ಟು ಅವಸರ ಯಾಕೆ? ಮನೆಯಲ್ಲಿ ಎಲ್ಲಾ ಸರಿಯಾಗಿದೆ ತಾನೇ?" ಎಂದಳು ಅವಳು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು.

ಸ್ಟೋರಿನವನು ಗೋಡೆಗೆ ಬಣ್ಣ ಬಳಿಯುವ ಕುಂಚ ತಂದುಕೊಟ್ಟ. ಗುಮಾಸ್ತ ಆಸೆಯಿಂದ ಅದರ ನಾಲ್ಕು ಎಳೆ ಕಿತ್ತು, ಕ್ಷೌರದಂಗಡಿಯ ಕೂದಲನ್ನೂ ಒಂದು ಚಿಟಿಕೆ ತೆಗೆದು, ಮೇಜಿನ ಮೇಲಿದ್ದ ಲೋಟದ ನೀರಿಗೆ ಬಿಟ್ಟ. ಕುಂಚದ್ದು ಪ್ಲಾಸ್ಟಿಕ್, ಕಲ್ಲಿನಂತೆ ತಳ ಸೇರಿತು. ಕೂದಲು ಮುದುರಿಕೊಂಡು ಅದರ ಹಿಂದೆ ಹೋಯಿತು. ಅವನು ತಲೆಯ ಮೇಲೆ ಕೈ ಹೊತ್ತು ಕೂತಿರುವಾಗಲೇ ಸಮಾಧಾನ ಹೇಳಲು ಬಂದ ಹೆಡ್ ಗುಮಾಸ್ತರು ಬಾಯಾರಿ ಆ ಲೋಟವನ್ನೇ ಎತ್ತಿ ಗಟಗಟ ಕುಡಿದರು. ಆಮೇಲೆ ಅವರು ಉಗುಳಲೂ ಆಗದೆ ನುಂಗಲೂ ಆಗದೆ ಕಿಟಕಿಯ ಕಡೆ ಓಡಿದ್ದನ್ನು ಇಡೀ ಕಚೇರಿ ಎದ್ದು ನಿಂತು ನೋಡಿತು. ಅರ್ಧ ದಿನದ ರಜೆ ಬೇಕೆಂದು ಗುಮಾಸ್ತ ಅರ್ಜಿ ಬರೆದಾಗ ಕಾರಣ ಕೇಳದೆ ಮಂಜೂರಾಯಿತು.

ಮಧ್ಯಾಹ್ನ ಎರಡೂವರೆ. ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನ ಮನೆಯ ಮೇಷ್ಟ್ರು ಎದುರಾದರು. ನಿವೃತ್ತ ಗಣಿತದ ಮೇಷ್ಟ್ರು. ಮೆಟ್ಟಿಲ ಗವಾಕ್ಷಿಯ ಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ಗುಮಾಸ್ತ ಅಲ್ಲೇ ನಿಂತುಬಿಟ್ಟ. ಒಂಬತ್ತು ವರ್ಷ ಇದೇ ಮೆಟ್ಟಿಲಲ್ಲಿ ದಿನಾ ನಮಸ್ಕಾರ ಹೇಳಿದ್ದರೂ ಅವನು ಆ ಹುಬ್ಬುಗಳನ್ನು ನೋಡಿರಲಿಲ್ಲ. ಬೆಳ್ಳಗೆ, ಗಡುಸಾಗಿ, ಒಂದೊಂದು ಎಳೆಯೂ ಒಂದು ಇಂಚು, ಸೂರಿನಂತೆ ಮುಂದಕ್ಕೆ ಚಾಚಿದ್ದವು.

"ಏನಯ್ಯಾ, ದೆವ್ವ ಕಂಡ ಹಾಗೆ ನೋಡ್ತಿದೀಯ?"

"ಮೇಷ್ಟ್ರೇ, ಬಾಯಿ ಬಿಟ್ಟು ಕೇಳ್ತಿದೀನಿ. ನಿಮ್ಮ ಹುಬ್ಬು ಸ್ವಲ್ಪ ಕೊಡ್ತೀರಾ?"

ಎಲ್ಲವನ್ನೂ ಹೇಳಿದ. ಬಾಲ, ನೊಣ, ಜೀಪು, ಹೊಳೆ. ಹನ್ನೊಂದು ವರ್ಷದಲ್ಲಿ ಪೂರ್ತಿ ಕೇಳಿಸಿಕೊಂಡವರು ಇವರೊಬ್ಬರೇ. ಮೇಷ್ಟ್ರು ಕೋಲೂರಿಕೊಂಡು ಮೆಟ್ಟಿಲ ಮೇಲೆ ಕೂತರು.

"ರಿಟೈರ್ ಆದ್ಮೇಲೆ ನನ್ನ ಹತ್ರ ಯಾರೂ ಏನೂ ಕೇಳಿಲ್ಲ ಕಣಯ್ಯಾ. ಒಂದು ಲೆಕ್ಕ ಕೂಡ ಕೇಳಿಲ್ಲ. ನಡಿ, ಕತ್ತರಿ ತಗೊಂಡು ಬಾ. ಆದ್ರೆ ಎರಡೂ ಕಡೆ ಸಮ ಇರ್ಬೇಕು. ಎಡಕ್ಕೆ ಹನ್ನೆರಡು ಎಳೆ ತೆಗೆದ್ರೆ ಬಲಕ್ಕೂ ಹನ್ನೆರಡೇ."

ಗುಮಾಸ್ತ ಉಸಿರು ಬಿಗಿಹಿಡಿದು ಎಣಿಸಿ ಕತ್ತರಿಸಿದ. ಮೇಷ್ಟ್ರು ಕನ್ನಡಿ ಹಿಡಿದು ಪ್ರತಿ ಎಳೆಗೂ ತಾಳೆ ನೋಡಿದರು. ಮೇಜಿಗೆ ಬಂದು ಅವನು ತುದಿಗಳನ್ನು ಸಮ ಮಾಡಿ, ಕೊಕ್ಕೆಯ ಮೇಲಿಟ್ಟು, ದಾರ ಎರಡು ಸುತ್ತು ಎಳೆದು, ಎರಡಾಗಿ ಸೀಳಿ ನಿಲ್ಲಿಸಿದ. ಅತ್ತೆ ಬಾಗಿಲಲ್ಲಿ ನಿಂತು ಕೈ ಕಟ್ಟಿಕೊಂಡು ನೋಡಿದಳು, ಏನನ್ನೂ ಮುಟ್ಟಲಿಲ್ಲ. ನೊಣವನ್ನು ಬಕೆಟ್ಟಿಗೆ ಬಿಟ್ಟಾಗ ಅದು ಮುಳುಗುವ ಮಾತೇ ಇಲ್ಲ ಎಂಬಂತೆ ಕೂತಿತು. ಗುಮಾಸ್ತನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ, ಆದರೆ ಹೆಂಡತಿ ಅಲ್ಲೇ ಇದ್ದದ್ದರಿಂದ ಅದನ್ನು ಹೇಳಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಆರು ನೊಣಗಳು ಸಾಹೇಬರ ಕೈತೊಳೆಯುವ ತೊಟ್ಟಿಯಲ್ಲಿ ತೇಲುತ್ತಿದ್ದವು. ಸಾಹೇಬರು ಬಗ್ಗಿ ಒಂದೊಂದನ್ನೂ ನೋಡಿದರು. ಆರನೆಯದರ ಹತ್ತಿರ ಅವರ ಬೆರಳು ನಿಂತಿತು.

"ಇದು ಅದ್ಭುತ ಕಣ್ರೀ. ಇದಕ್ಕೆ ಯಾವ ಕೂದಲು ಹಾಕಿದೀರ?"

ಕರುವಿನದು ಎಂದು ಬಿಡಬಹುದಿತ್ತು. ಆದರೆ ಹೊಗಳಿಕೆ ಕೇಳಿದ ಬಾಯಿಗೆ ಬೀಗ ಎಲ್ಲಿಯದು? "ನಮ್ಮ ಮೇಲಿನ ಮನೆ ಮೇಷ್ಟ್ರ ಹುಬ್ಬು ಸಾರ್" ಎಂದ.

"ಯಾವ ಮೇಷ್ಟ್ರು?"

"ಗಣಿತದ ಮೇಷ್ಟ್ರು ಸಾರ್. ಎತ್ತರದ ಆಳು, ಕೋಲು ಹಿಡ್ಕೊಂಡು..."

ಸಾಹೇಬರು ನೆಟ್ಟಗೆ ನಿಂತರು. ಅವರ ಅಂಗೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಅಡಗಿಕೊಂಡವು.

"ಹುಬ್ಬಿನ ಮೇಷ್ಟ್ರು! ಇದೇ ಊರಲ್ಲಿದಾರಾ? ಏಳು ವರ್ಷ ಆ ಹುಬ್ಬಿನ ಕೆಳಗೆ ಬೆವರಿದೀನಿ ಕಣ್ರೀ. ನಾನು ಇವತ್ತು ಈ ಕುರ್ಚಿಯಲ್ಲಿ ಕೂತಿರೋದೇ ಅವರಿಂದ. ನಡೀರಿ, ಈಗ್ಲೇ ಹೋಗೋಣ."

ಗುಮಾಸ್ತ ಜೀಪಿನ ನಾಲ್ಕನೇ ಸೀಟಿನಲ್ಲಿ ಕೂತು ದಾರಿ ತೋರಿಸಿದ. ಸೀಟು ಮೆತ್ತಗಿತ್ತು. ಹತ್ತು ನಿಮಿಷದ ದಾರಿ.

ಮೇಷ್ಟ್ರ ಎದುರು ಸಾಹೇಬರು ಕೈಕಟ್ಟಿ ನಿಂತರು. ಮೇಷ್ಟ್ರು ಹುಬ್ಬೇರಿಸಿ, ಅಂದರೆ ಉಳಿದಷ್ಟನ್ನು ಏರಿಸಿ, ನೋಡಿದರು. "ಕಿಟಕಿ ಪಕ್ಕದ ಬೆಂಚು. ಭಾಗಾಕಾರ ಬರ್ತಿರ್ಲಿಲ್ಲ" ಎಂದರು. ಸಾಹೇಬರ ಕಣ್ಣು ತುಂಬಿ ಬಂತು.

"ಸಾರ್, ನಾಳೆ ನೀವು ನಮ್ಜೊತೆ ಹೊಳೆಗೆ ಬರ್ಲೇಬೇಕು. ಇಲ್ಲ ಅನ್ಬಾರ್ದು." ಆಮೇಲೆ ಗುಮಾಸ್ತನ ಕಡೆ ತಿರುಗಿ ಭುಜ ತಟ್ಟಿದರು. "ಸೀಟು ಒಂದೇ ಇರೋದು, ನಿಮಗೇ ಗೊತ್ತಲ್ಲ. ಗುರುಗಳಿಗಿಂತ ದೊಡ್ಡವರು ಯಾರಿದಾರೆ ಹೇಳಿ?"

ಗುಮಾಸ್ತ ಯಾರೂ ಇಲ್ಲವೆಂದು ತಲೆಯಾಡಿಸಿದ. ಸಾಹೇಬರ ಜೀಪು ಹೊರಟುಹೋದ ಮೇಲೆ ಮೇಷ್ಟ್ರು ಗುಮಾಸ್ತನ ಮನೆ ಬಾಗಿಲಿಗೆ ಬಂದರು.

"ನನಗೆ ನೀರು ಕಂಡ್ರೆ ಭಯ ಕಣಯ್ಯಾ. ಮೀನಿನ ವಾಸನೆಯೂ ಆಗಲ್ಲ. ಆದ್ರೆ ಇಷ್ಟು ವರ್ಷ ಆದ್ಮೇಲೆ ಒಬ್ಬ ಶಿಷ್ಯ ಹುಡುಕ್ಕೊಂಡು ಬಂದು ಕರೆದಾಗ ಹೆಂಗೆ ಬೇಡ ಅನ್ನೋದು?"

"ಹೋಗ್ಬನ್ನಿ ಮೇಷ್ಟ್ರೇ" ಎಂದ ಗುಮಾಸ್ತ. ಮುದುಕರ ಮುಖದಲ್ಲಿದ್ದ ಖುಷಿ ನೋಡಿ ಅವನಿಗೆ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ.

"ಅದಿರ್ಲಿ, ಹೊಳೆಗೆ ಇಳಿಯೋಕೆ ಮೊಣಕಾಲುದ್ದದ ರಬ್ಬರ್ ಬೂಟು ಬೇಕಂತೆ. ನಿನ್ನ ಹತ್ರ ಇದೆಯಾ?"

ಇತ್ತು. ಹನ್ನೊಂದು ವರ್ಷದ ಹಿಂದೆ ಕೊಂಡದ್ದು, ನೀರು ಕಂಡಿರಲಿಲ್ಲ. ಗುಮಾಸ್ತ ಮಂಚದ ಕೆಳಗಿಂದ ಅವನ್ನು ಎಳೆದು ಧೂಳು ಒರೆಸಿ ತಂದ, ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ನೆಲದಲ್ಲಿ ಕೂತು ಒಂದೊಂದೇ ಕಾಲಿಗೆ ತೊಡಿಸಿದ. ಚಿಕ್ಕದಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ನಡೆದು ನೋಡಿ ಮೇಷ್ಟ್ರೇ."

ಮೇಷ್ಟ್ರು ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆ ಹಾಕಿ ಬಂದರು.

"ಹೇಳಿ ಮಾಡಿಸಿದ ಹಾಗಿದೆ ಕಣಯ್ಯಾ" ಎಂದರು.