ರಾಣಿ ಕೂತಿದ್ದ ಕಲ್ಲು

ಬೀಗದಕೈ ಗೊಂಚಲು ಕೈಜಾರಿ ರಾಣಿಯ ಸಿಂಹಾಸನದ ತೂತಿಗೆ ಬಿತ್ತು. ಅದರ ಹಿಂದೆಯೇ ಕೋಟೆಯ ಗೈಡ್‌ನ ನೆಮ್ಮದಿಯೂ ಬಿತ್ತು ಅನ್ನಿ.

ಬುರುಜಿನ ಮೂಲೆಯ ಇಕ್ಕಟ್ಟು ಗೂಡಿನಲ್ಲಿ ಒಂದು ಕಲ್ಲಿನ ಪೀಠ, ಅದರ ನಡುವೆ ತೂತು. "ರಾಣಿ ಇಲ್ಲಿ ಕೂತೇ ಯುದ್ಧ ನೋಡ್ತಿದ್ದದ್ದು. ತೂತು ತಂಪು ಗಾಳಿಗೆ" ಎಂದು ವರ್ಷಗಟ್ಟಲೆ ರೈಲು ಬಿಟ್ಟವನು ಇವನೇ. ಜನ ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಮುಗಿಬೀಳುತ್ತಿದ್ದರು. ಈಗ ಗೊಂಚಲು ಹುಡುಕುತ್ತ ಕೋಟೆಗೋಡೆಯ ಹೊರಗೆ ಹೋಗಿ ತಲೆಯೆತ್ತಿದರೆ, ಆ ಗೂಡು ಗೋಡೆಯಿಂದಾಚೆ ಚಾಚಿಕೊಂಡಿದೆ, ತೂತು ನೇರ ಕಂದಕಕ್ಕೆ ಬಾಯಿಬಿಟ್ಟಿದೆ.

"ಅಯ್ಯೋ ನನ್ನ ಕರ್ಮವೇ! ಇದು ಕಕ್ಕಸು!"

ಇವತ್ತೇ ದೊಡ್ಡ ಸಾಹೇಬರು ಬರಬೇಕೆ! ಅವನ ಹಂಗಾಮಿ ಕೆಲಸ ಕಾಯಂ ಆಗುವುದೋ ಹೋಗುವುದೋ ಅವರ ಕೈಯಲ್ಲಿತ್ತು. ಓಡೋಡಿ ಟಿಕೆಟ್ ಕೊಡುವ ಅಕ್ಕನ ಹತ್ತಿರ ಹೋದ.

"ದಮ್ಮಯ್ಯ ಅಕ್ಕಾ, ಸಾಹೇಬ್ರ ಹತ್ರ ಸಿಂಹಾಸನದ ಸುದ್ದಿ ಎತ್ಬೇಡಿ."

"ನನಗ್ಯಾಕಪ್ಪಾ ಊರ ಉಸಾಬರಿ?" ಎಂದಳು ಅಕ್ಕ. ಸಾಹೇಬರು ಕಾರಿಳಿದ ಕೂಡಲೇ ಅವಳಾಡಿದ ಮೊದಲ ಮಾತು: "ಸಾರ್, ಸಿಂಹಾಸನ ಮಾತ್ರ ಕೇಳ್ಬೇಡಿ. ಇವ್ರು ತೋರ್ಸಲ್ವಂತೆ!"

ಗೈಡ್ ಬೆವರೊರೆಸಿಕೊಳ್ಳುತ್ತ ಆನೆ ಗುದ್ದದಂತೆ ಹೆಬ್ಬಾಗಿಲಿಗೆ ಬಡಿದ ಮೊಳೆ ತೋರಿಸಿದ, ಶತ್ರು ಒಂದೇ ಉಸಿರಿಗೆ ನುಗ್ಗದಂತೆ ಕಟ್ಟಿದ ಸೊಟ್ಟ ದಾರಿ ತೋರಿಸಿದ.

"ಅದಿರ್ಲಿ, ಸಿಂಹಾಸನ ಎಲ್ಲಿ?"

"ಅಲ್ಲಿ ಜೇನು ಎದ್ದಿದೆ ಸಾರ್!"

"ಸುಳ್ಳು! ನಾನೀಗ ಅಲ್ಲಿಂದಾನೇ ಬಂದೆ, ಒಂದು ನೊಣಾನೂ ಇಲ್ಲ" ಎಂದಳು ಬೆನ್ನಿಗೇ ಬಂದಿದ್ದ ಅಕ್ಕ.

ಸಾಹೇಬರು ನೇರ ಬುರುಜು ಹತ್ತಿ ಗೂಡಿಗೇ ಹೋದರು. ಪೀಠದ ಧೂಳು ಕೊಡವಿ ಇನ್ನೇನು ಕೂರಬೇಕು, ಗೈಡ್‌ಗೆ ತಡೆಯಲಾಗಲಿಲ್ಲ. ಅವರ ಕಾಲು ಹಿಡಿದೇಬಿಟ್ಟ.

"ಕೂರ್ಬೇಡಿ ಸಾರ್! ಇದು ಸಿಂಹಾಸನ ಅಲ್ಲ, ಕಕ್ಕಸು! ಕತೆ ಕಟ್ಟಿದ್ದು ನಾನೇ. ಹೊಟ್ಟೆ ಮೇಲೆ ಹೊಡೀಬೇಡಿ."

ಸಾಹೇಬರ ಮುಖ ಹುಳ್ಳಗಾಯಿತು. ಅಕ್ಕನನ್ನು ನೀರು ತರಲು ಅಟ್ಟಿ, ದನಿ ತಗ್ಗಿಸಿದರು.

"ಹೋದ ವರ್ಷ ನಮ್ಮತ್ತೆ ಇದರ ಮೇಲೆ ಕೂತಿದ್ರು. ಆ ಫೋಟೊ ನಮ್ಮ ಹಾಲ್‌ನಲ್ಲಿ ಬಾಗಿಲಷ್ಟು ದೊಡ್ಡದಾಗಿ ನೇತಾಡ್ತಿದೆ. ಆ ಗೈಡ್‌ನ ಕಾಯಂ ಮಾಡದೆ ಮನೆಗೆ ಬರ್ಬೇಡಿ ಅಂತ ನನ್ನ ಕಳಿಸಿದ್ದೇ ಅವರು."

"ಹಾಗಾದ್ರೆ ಕಾಯಂ ಆಯ್ತಾ ಸಾರ್?"

"ಆಗ್ತಿತ್ತು. ಇದು ಏನು ಅಂತ ಆ ಫೋಟೊ ನೋಡಿದ ದಿನವೇ ನನಗೆ ಗೊತ್ತಾಯ್ತು. ಮನೆ ನೆಮ್ಮದಿಗೆ ಅಂತ ಬಾಯಿ ಹೊಲ್ಕೊಂಡಿದ್ದೀನಿ. ಈಗ ನಿಮಗೂ ಗೊತ್ತು! ಕಾಯಂ ಆದ್ಮೇಲೆ ನಿಮ್ಮ ಬಾಯಿಗೆ ಬೀಗ ಹಾಕೋರ್ಯಾರು? ಹಂಗಾಮಿಯಾಗೇ ಇರಿ. ಹೊರಗೆ ಉಸಿರೆತ್ತಿದ್ರೆ ಅವತ್ತೇ ಮನೆಗೆ."

ಅಷ್ಟು ಹೇಳಿ ಸಾಹೇಬರು ಮೊಬೈಲನ್ನು ಅವನ ಕೈಗಿತ್ತು, ಮೂಗು ಸಿಂಡರಿಸಿಕೊಂಡು ಪೀಠದ ಮೇಲೆ ಕೂತರು.

"ಬೇಗ ತೆಗೀರಿ. ನಂದೂ ಒಂದು ಬೇಕಂತೆ, ಅತ್ತೆ ಅಪ್ಪಣೆ."

"ಸ್ವಲ್ಪ ನಗಿ ಸಾರ್" ಎನ್ನುವಾಗ ಗೈಡ್‌ಗೆ ಅಳು ಬಂತು.